ನಿಮಗಿದು ಗೊತ್ತೆ? ಮಗಳ ಗಳಿಕೆ, ಅಳಿಯನ ಕಡೆಯವರ ಪಾಲು!

ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವಂತವಾಗಿ ದುಡಿದ ಹಣ ಮೊದಲು ಹೋಗುವುದು ಹೆತ್ತವರಿಗಲ್ಲ, ಗಂಡನ ವಾರಸುದಾರರಿಗೆ! 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು ಹಾಕಿಕೊಟ್ಟ ಸರದಿ ಇದು. ಗಂಡನ ಕಡೆ ಯಾರೂ ಇಲ್ಲದಿದ್ದರೆ ಮಾತ್ರ ಅಪ್ಪ-ಅಮ್ಮನ ಪಾಳಿ.

ಒಬ್ಬಾಕೆಯ ಮದುವೆ 1955ರಲ್ಲಿ ನಡೆಯಿತು. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಸತ್ತ. ಅತ್ತೆ ಮನೆಯವರು ಹೊರಗಟ್ಟಿದರು. ತವರಿನವರು ಓದಿಸಿದರು, ಕೆಲಸವೂ ಸಿಕ್ಕಿತು. 1996ರಲ್ಲಿ ಆಕೆ ತೀರಿಕೊಂಡಾಗ ಬ್ಯಾಂಕ್ ಖಾತೆಗಳಲ್ಲಿ ಹಣವಿತ್ತು, ಪ್ರಾವಿಡೆಂಟ್ ಫಂಡ್ ಇತ್ತು, ಉಯಿಲು ಇರಲಿಲ್ಲ. ಹೆತ್ತ ತಾಯಿ ಹಣ ಕೇಳಿದರು. ಎಂದೋ ಸತ್ತ ಗಂಡನ ಸೋದರಿಯ ಮಕ್ಕಳೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು ಸೋದರಿಯ ಮಕ್ಕಳೇ. ಅನುಕಂಪ ನೋಡಿ ಕಾನೂನು ಬದಲಿಸಲಾಗದು ಎಂಬುದು ನ್ಯಾಯಾಲಯದ ನಿಲುವು.

ಮಗ ಸತ್ತರೆ ಲೆಕ್ಕವೇ ಬೇರೆ. ಅವನ ಆಸ್ತಿಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. (ತಂದೆ ಈ ಪಟ್ಟಿಯಲ್ಲಿಲ್ಲ, ಅದೂ ಒಂದು ವಿಚಿತ್ರವೇ!) ಇನ್ನು, ಮಕ್ಕಳಿಲ್ಲದ ಹೆಣ್ಣುಮಗಳಿಗೆ ತಂದೆ-ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ಮಾತ್ರ ತಂದೆಯ ವಾರಸುದಾರರಿಗೇ ಮರಳುತ್ತದೆ.

ಉಯಿಲು ಬರೆದರೆ ಈ ಸರದಿ ಅನ್ವಯಿಸದು. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ.