ಮಗಳು ಪರದೇಶದ ಕೊಟ್ಟಿಗೆ ಗುಡಿಸಿದ್ದು

ಹೋದ ವರ್ಷ ಆಗಸ್ಟ್‌ನಲ್ಲಿ ಒಂದು ಸಂಜೆ ಹಾಲು ಕರೆಯಲು ಕೂತಿದ್ದಾಗ ಮಗಳ ವಿಡಿಯೋ ಕಾಲ್ ಬಂತು. ನಮ್ಮಲ್ಲಿ ಐದೂವರೆ, ಅವಳಿದ್ದ ಜರ್ಮನಿಯಲ್ಲಿ ಮಧ್ಯಾಹ್ನ ಎರಡು ಗಂಟೆ. ಫೋನನ್ನು ಗೋಡೆಗೆ ಒರಗಿಸಿ ನೋಡಿದರೆ ಅವಳು ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡು, ಸಗಣಿ ಬಾಚುವ ಸಲಿಕೆ ಹಿಡಿದು ನಗುತ್ತಾ ನಿಂತಿದ್ದಾಳೆ. ನನಗೆ ಮೊದಲು ಬಂದದ್ದು ಸಿಟ್ಟು. ನಾಗಮಂಗಲ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮೂರು ಸೀಮೆಹಸು ಕಟ್ಟಿಕೊಂಡು, ಡೇರಿ ಬಟವಾಡೆ ಬಂದಾಗಲೆಲ್ಲ ಅವಳ ಫೀಸಿಗೆ ಎತ್ತಿಟ್ಟವಳು ನಾನು. "ಸಗಣಿ ಮುಟ್ಬೇಡ, ಹೋಗಿ ಓದ್ಕೊ" ಎಂದು ಕೊಟ್ಟಿಗೆಯಿಂದ ಆಚೆ ಕಳಿಸುತ್ತಿದ್ದ ಹುಡುಗಿ, ಈಗ ಕಡಲು ದಾಟಿ ಹೋಗಿ ಯಾರದೋ ಕೊಟ್ಟಿಗೆ ಗುಡಿಸುವುದೇ? ಅದೂ ಸಂಬಳವಿಲ್ಲದೆ!

"ಊಟ ಹಾಕ್ತಾರೆ ಕಣವ್ವ, ಮಲಗೋಕೆ ಜಾಗ ಕೊಡ್ತಾರೆ. ಅಷ್ಟೆ" ಅಂದಳು.

ಅವಳು ಮ್ಯೂನಿಕ್ ನಗರದಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಎರಡು ವಾರ ಆಲ್ಗಾಯ್ ಎಂಬ ಗುಡ್ಡಗಾಡಿನ ರೈತರ ಮನೆಗೆ ಹೋಗಿದ್ದಳು. ಹೀಗೆ ಹೋಗುವುದಕ್ಕೆ 'ವೂಫ್' ಎಂಬ ಸಂಸ್ಥೆ ಇದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕಾಪರ್ಡ್ ಎಂಬ ಹೆಂಗಸು ಶುರು ಮಾಡಿದ್ದು. ಆಕೆ ಲಂಡನ್ನಿನಲ್ಲಿ ಆಫೀಸಿನ ಕೆಲಸದಲ್ಲಿದ್ದವರು. ಪೇಟೆಯಲ್ಲಿದ್ದು ಬೇಸರವಾಗಿ, ವಾರದ ಕೊನೆಗೆ ಸಾವಯವ ಜಮೀನಿಗೆ ಹೋಗಿ ಕೆಲಸ ಮಾಡಿ ಬರೋಣ ಎಂದು ಹೊರಟರು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇದೆ, ನಮ್ಮ ದೇಶದಲ್ಲೂ ಇದೆ. ಬಂದವರು ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ ಮಾಡಬೇಕು, ಮನೆಯವರು ಊಟ ವಸತಿ ಕೊಡಬೇಕು. ಕೈಯಿಂದ ಕೈಗೆ ದುಡ್ಡು ಬದಲಾಗುವುದಿಲ್ಲ. ನಿಮ್ಮ ಮಕ್ಕಳೂ ಯಾರಾದರೂ ಹೋಗುವುದಾದರೆ ಒಂದು ಮಾತು: ಸಂಬಳವಿಲ್ಲದ ಕೆಲಸವನ್ನೂ ಕೆಲವು ದೇಶಗಳು ಕೆಲಸವೆಂದೇ ಲೆಕ್ಕ ಹಾಕುತ್ತವೆ. ಪ್ರವಾಸದ ವೀಸಾ ಇಟ್ಟುಕೊಂಡು ಹೋಗಿ ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ. ಮೊದಲೇ ಕೇಳಿಕೊಂಡು ಹೊರಡಲಿ.

ಸಿಟ್ಟು ಇಳಿದ ಮೇಲೆ ನಾನು ಕೇಳಿದ್ದು ನಾವೆಲ್ಲ ಕೇಳುವುದನ್ನೇ. ಎಷ್ಟು ಹಸು? ಯಾವ ಜಾತಿ? ಏನು ಮೇವು?

ಕಂದು ಬಣ್ಣದ ಹಸುಗಳು, ಬ್ರೌನ್ ಸ್ವಿಸ್‌ನ ನೆಂಟರು. ಈ ತಳಿ ನಮಗೆ ತೀರಾ ಹೊಸದಲ್ಲ. 1963ರಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಒಪ್ಪಂದವಾಗಿ ಕೇರಳದ ಮೂನಾರ್ ಹತ್ತಿರದ ಮಾಟ್ಟುಪೆಟ್ಟಿಗೆ ಬ್ರೌನ್ ಸ್ವಿಸ್ ಹೋರಿಗಳು ಬಂದವು. ಅಲ್ಲಿಯ ನಾಟಿ ಹಸುಗಳ ಜೊತೆ ಸೇರಿಸಿ ಬೆಳೆಸಿದ್ದೇ ಸುನಂದಿನಿ ತಳಿ.

ಮೇವಿನ ವಿಷಯಕ್ಕೆ ಬಂದರೆ ಅವರ ಬದುಕೇ ಒಣಹುಲ್ಲಿನ ಮೇಲೆ ನಿಂತಿದೆ. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನೆಲದ ಮೇಲೆ ಹಿಮ. ಅಷ್ಟಕ್ಕೂ ಬೇಕಾದ ಹುಲ್ಲನ್ನು ಬೇಸಿಗೆಯಲ್ಲೇ ಕೊಯ್ದು ಒಣಗಿಸಿ ಅಟ್ಟಕ್ಕೆ ತುಂಬಬೇಕು. ಸಮತಟ್ಟು ಜಾಗದಲ್ಲಿ ಯಂತ್ರ ಓಡುತ್ತದೆ. ಇಳಿಜಾರಿನಲ್ಲಿ ಯಂತ್ರ ನಿಲ್ಲುವುದಿಲ್ಲ, ಮರದ ಹಲುಬೆಯಂಥ ಸಾಮಾನಿನಲ್ಲಿ ಕೈಯಿಂದಲೇ ಎಳೆಯಬೇಕು. ಮಗಳ ಮುಖ್ಯ ಕೆಲಸ ಅದೇ. ಮೂರನೇ ದಿನಕ್ಕೆ ಅಂಗೈ ಬೊಬ್ಬೆ ಬಂದಿತ್ತು. ಒಣಗಲು ಹರಡಿದ ಹುಲ್ಲಿನ ಮೇಲೆ ಮಳೆ ಬಿದ್ದ ದಿನ ಮನೆಯವರ ಮುಖ ಹೇಗಿತ್ತೆಂದು ಅವಳು ಹೇಳಬೇಕಾಗಿರಲಿಲ್ಲ. ಕಣದಲ್ಲಿ ರಾಗಿ ತೆನೆ ಇದ್ದಾಗ ಮೋಡ ಕಟ್ಟಿದರೆ ನಮಗೇನಾಗುತ್ತದೆ? ಆ ಕಡೆ ಗಿಣ್ಣು ಮಾಡುವ ಅನೇಕರು ಹಸುವಿಗೆ ಸೈಲೇಜ್ ಹಾಕುವುದೇ ಇಲ್ಲವಂತೆ. ಗಿಣ್ಣು ಎಂದರೆ ನಮ್ಮ ಈದ ಹಸುವಿನ ಗಿಣ್ಣಲ್ಲ, ಚೀಸ್. ಸೈಲೇಜಿನ ಮೂಲಕ ಹಾಲಿಗೆ ಸೇರುವ ಕೆಲವು ಸೂಕ್ಷ್ಮಾಣುಗಳು, ತಿಂಗಳುಗಟ್ಟಲೆ ಇಟ್ಟ ಚೀಸನ್ನು ಒಳಗೇ ಉಬ್ಬಿಸಿ ಕೆಡಿಸುತ್ತವೆ. ಒಂದು ಕಿಲೋ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಕೆಟ್ಟರೆ ಅಷ್ಟೂ ಹೋಯಿತು.

ಮಧ್ಯಾಹ್ನದ ಮೇಲೆ ಕೆಲಸವಿಲ್ಲದ ದಿನ ಅವಳು ಬೆಟ್ಟ ಹತ್ತುತ್ತಿದ್ದಳು. ಓಬರ್ಸ್‌ಡಾರ್ಫ್ ಊರಿನ ನೆತ್ತಿಯ ಮೇಲಿರುವ ನೆಬೆಲ್‌ಹಾರ್ನ್ ಶಿಖರ 2224 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಮೇಲಕ್ಕೆ ತೂಗುಗಾಡಿ ಉಂಟು. ಇವಳು ಅರ್ಧ ನಡೆದು, ಉಳಿದರ್ಧ ಗಾಡಿಯಲ್ಲಿ ಹೋದಳಂತೆ. ಆದಿಚುಂಚನಗಿರಿ ಮೆಟ್ಟಿಲು ಹತ್ತುವಾಗಲೇ "ಅವ್ವ, ಎತ್ಕೊ" ಎನ್ನುತ್ತಿದ್ದ ಮಗು!

ಆ ಬೆಟ್ಟದ ಮೇಲೆ ಪಡ್ಡೆ ಕಡಸುಗಳಿರುತ್ತವೆ. ಜೂನ್ ಹೊತ್ತಿಗೆ ಊರಿನವರೆಲ್ಲ ತಮ್ಮ ಕಡಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದು ದನಗಾಹಿಯ ವಶಕ್ಕೆ ಕೊಡುತ್ತಾರೆ. ಅವು ಸೆಪ್ಟೆಂಬರ್‌ವರೆಗೆ ಅಲ್ಲೇ ಮೇಯುತ್ತವೆ, ಕೆಳಗಿನ ಹುಲ್ಲು ಚಳಿಗಾಲಕ್ಕೆ ಉಳಿಯುತ್ತದೆ. ಇದನ್ನು ಕೇಳಿ ನಮ್ಮ ಮಾವನವರು "ಇದೇನು ಹೊಸದು, ನಮ್ಮ ಕಾವಲುಗಳಲ್ಲೂ ಹಿಂಗೇ ಇತ್ತಲ್ಲ" ಅಂದರು. ನಿಜವೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳು, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಎಂದು ಹೆಸರಾದವು. ಅವಕ್ಕೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆ ಬೇರೆ ಕಾವಲುಗಳಿದ್ದವು. ಅವರಲ್ಲಿ ಆ ಪದ್ಧತಿ ಉಳಿದಿದೆ, ನಮ್ಮಲ್ಲಿ ಹೆಚ್ಚಿನ ಕಾವಲುಗಳು ಹೆಸರಿಗಷ್ಟೇ ಉಳಿದಿವೆ.

ಬೆಟ್ಟದ ದಾರಿಯಲ್ಲಿ ನಡೆಯುವವರಿಗೆ ಕಟ್ಟುನಿಟ್ಟು ಇದೆ. ತೆಗೆದ ಗೇಟು ಮುಚ್ಚಬೇಕು, ತಾಯಿ ಹಸುವಿಗೂ ಕರುವಿಗೂ ನಡುವೆ ಹೋಗಬಾರದು, ನಾಯಿ ಹೇತದ್ದನ್ನು ಎತ್ತಿಕೊಂಡು ಹೋಗಬೇಕು. ಕೊನೆಯದನ್ನು ಕೇಳಿ ನಕ್ಕೆ. ಆಮೇಲೆ ನಮ್ಮ ಡೇರಿಗೆ ಬರುವ ಪಶುವೈದ್ಯರನ್ನು ಕೇಳಿದರೆ ಅವರು ನಗಲಿಲ್ಲ. ನಾಯಿಯ ಮಲದಲ್ಲಿ ನಿಯೋಸ್ಪೋರಾ ಎಂಬ ಪರೋಪಜೀವಿ ಇರಬಹುದು, ಅದು ಮೇವಿಗೆ ಸೇರಿ ಹಸುವಿನ ಹೊಟ್ಟೆಗೆ ಹೋದರೆ ಗಬ್ಬದ ಹಸು ಕಂದು ಹಾಕಬಹುದು ಎಂದರು. ಈದ ಹಸುವಿನ ಸತ್ತೆಯನ್ನು ನಾಯಿ ತಿಂದರೆ ನಾಯಿಗೂ ಅದು ಅಂಟುತ್ತದೆ. ಸತ್ತೆಯನ್ನು ತಿಪ್ಪೆಗೆ ಎಸೆಯುವ ಅಭ್ಯಾಸ ನಮ್ಮ ಬೀದಿಯಲ್ಲಿ ಎಷ್ಟು ಮನೆಗಿದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಾನಂತೂ ಈಗ ಆಳವಾಗಿ ಗುಂಡಿ ತೆಗೆದು ಹೂಳುತ್ತೇನೆ.

ಸೆಪ್ಟೆಂಬರ್‌ನಲ್ಲಿ ದನ ಇಳಿಯುವ ದಿನ ಅಲ್ಲಿ ಜಾತ್ರೆ. ಕೊರಳಿಗೆ ದೊಡ್ಡ ದೊಡ್ಡ ಗಂಟೆ ಕಟ್ಟಿರುತ್ತಾರೆ. ನಮ್ಮ ನಾಗಮಂಗಲದ ಕಂಚುಗಾರರು ಕಂಡರೆ ಒಂದು ಕ್ಷಣ ನಿಂತು ನೋಡುವಂಥವು. ಮುಂದಿನ ಹಸುವಿನ ತಲೆಗೆ ಹೂವಿನ ಕಿರೀಟ. ಆದರೆ ಬೇಸಿಗೆಯಲ್ಲಿ ಒಂದು ದನ ಬಿದ್ದು ಸತ್ತಿದ್ದರೂ ಆ ಮಂದೆಗೆ ಕಿರೀಟ ಇಡುವುದಿಲ್ಲ. ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ ಪದ್ಧತಿ ಇದು.

ಮಗಳು ಹೋಗಿದ್ದ ಮನೆಯ ಯಜಮಾನಿಗೆ ನನ್ನದೇ ವಯಸ್ಸು. ಹಿಂದಿನ ವರ್ಷ ಬಿದ್ದು ಮಣಿಕಟ್ಟು ಮುರಿದಿತ್ತಂತೆ. "ಆಗ ಹಾಲು ಯಾರು ಕರೆದ್ರು?" ಅಂದೆ. ಆಳು ಬಂದಳು ಅಂದಳು. ಕೂಲಿಯಾಳಲ್ಲ, ದನದ ಕೆಲಸ ಕಲಿತ ಸಹಾಯಕಿ. ರೈತರು ಕಟ್ಟುವ ವಿಮೆಯ ಕಡೆಯಿಂದ ಹೀಗೆ ಆಳು ಸಿಗುತ್ತದೆ. ಮನೆಯ ರೈತ ಅಥವಾ ರೈತ ಮಹಿಳೆ ಆಸ್ಪತ್ರೆ ಸೇರಿದರೆ, ಹೆರಿಗೆಯಾದರೆ ಕೊಟ್ಟಿಗೆ ನಿಲ್ಲುವುದಿಲ್ಲ. ಇಂಥ ಆಳುಗಳನ್ನು ಒದಗಿಸುವವರಲ್ಲಿ ರೈತರದೇ 'ಮಷೀನೆನ್‌ರಿಂಗ್' ಎಂಬ ಸಂಘಗಳೂ ಇವೆ. ಮೊದಲು ಯಂತ್ರಗಳನ್ನು ಹಂಚಿಕೊಳ್ಳಲೆಂದು 1958ರಲ್ಲಿ ಅದೇ ಬವೇರಿಯಾ ಸೀಮೆಯಲ್ಲಿ ಹುಟ್ಟಿದ್ದು, ಆಮೇಲೆ ಆಳನ್ನೂ ಹಂಚಿಕೊಂಡರು.

ನಾನು ಸುಮ್ಮನಾದೆ. "ಯಾಕವ್ವ?" ಅಂದಳು. ಆಗ ಹೇಳಿದೆ.

ಅವಳು ಅಲ್ಲಿಗೆ ಹೋದ ವರ್ಷ ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯಾ ಆಗಿತ್ತು. ಬೆರಳ ಗೆಣ್ಣು ಊದಿ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಯಜಮಾನರಿಗೆ ಕರೆಯಲು ಬಾರದು. ಪಕ್ಕದ ಮನೆಯ ತಂಗಿ ತನ್ನ ಹಸು ಮುಗಿಸಿ ಬರುವಷ್ಟರಲ್ಲಿ ಡೇರಿ ಹೊತ್ತು ಮೀರುತ್ತಿತ್ತು. ಹೊಸ ಕೈ ಎಂದು ನಮ್ಮ ಕರಿ ಹಸು ಪೂರಾ ಹಾಲು ಇಳಿಸಲಿಲ್ಲ. ಕೆಚ್ಚಲು ಬಾವು ಬಂದು ಒಂದು ಮೊಲೆ ಶಾಶ್ವತವಾಗಿ ಬತ್ತಿಹೋಯಿತು. ಪರೀಕ್ಷೆ ಹತ್ತಿರವಿದೆ ಎಂದು ಮಗಳಿಗೆ ತಿಳಿಸಿರಲಿಲ್ಲ. ಕೇಳಿ ಅವಳು ಅತ್ತಳು. "ನನಗೆ ಹಾಲು ಕರೆಯೋದು ನೀನು ಕಲಿಸ್ಲೇ ಇಲ್ಲ" ಅಂದಳು. ಹೌದು, ಕಲಿಸಲಿಲ್ಲ. ಬೇಕೆಂದೇ ಕಲಿಸಲಿಲ್ಲ. ಅದು ತಪ್ಪೋ ಸರಿಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾಟಿಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ನಾವು ಹಾಲಿಗೆ ಯಾಕೆ ಹೋಗುವುದಿಲ್ಲ ಎಂದು ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಕೇಳಿದೆ. ಕೆಲವರು ನಕ್ಕರು, ಒಬ್ಬರು "ನಿಮ್ಮ ಹಸು ಒದೀತದೆ" ಅಂದರು. ಕಾರ್ಯದರ್ಶಿ ಒಳ್ಳೆಯ ಪ್ರಶ್ನೆ ಎತ್ತಿದರು: ಹಸು ಒಗ್ಗುವುದು ಹೇಗೆ? ಕಾಯಿಲೆ ಬಿದ್ದ ದಿನ ಹೊಸ ಕೈ ಬಂದರೆ ಮತ್ತೆ ಅದೇ ಕಥೆ.

ಕೊನೆಗೆ ಮೂರು ಮನೆಯವರು ಒಪ್ಪಿಕೊಂಡೆವು. ಈಗ ಎಲ್ಲರೂ ಗಟ್ಟಿಯಾಗಿರುವಾಗಲೇ ವಾರಕ್ಕೊಂದು ಹೊತ್ತು ಒಬ್ಬರ ಹಸುವನ್ನು ಇನ್ನೊಬ್ಬರು ಕರೆಯುವುದು. ಹಿಂಡಿ ಇಡುವುದರಿಂದ ಹಿಡಿದು ಕೆಚ್ಚಲು ತೊಳೆಯುವವರೆಗೆ ಆ ಮನೆಯವಳು ಮಾಡುವ ಹಾಗೇ ಮಾಡುವುದು. ಹಾಲು ಆ ಮನೆಯ ಲೆಕ್ಕಕ್ಕೇ ಹೋಗುತ್ತದೆ. ಎರಡು ತಿಂಗಳಾಯಿತು. ಕರಿ ಹಸು ಪಕ್ಕದ ಮನೆ ತಂಗಿಗೆ ಒಗ್ಗಿದೆ, ಮೂರನೆಯವಳಿಗೆ ಇನ್ನೂ ಕಾಲು ಎತ್ತುತ್ತದೆ. ಡಿಸೆಂಬರಿನಲ್ಲಿ ಮಗಳು ರಜೆಗೆ ಬರುತ್ತಾಳೆ. ಬೂಟು ತರಲೇ ಎಂದು ಕೇಳಿದ್ದಾಳೆ. ಬರಿಗಾಲೇ ಸಾಕು, ಉಗುರು ಕತ್ತರಿಸಿಕೊಂಡು ಬಾ ಎಂದಿದ್ದೇನೆ.