ಹದಿನೈದನೆಯ ನಕ್ಷತ್ರ ಎಲ್ಲಿ?

ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಕತ್ತಲೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿ ಈ ಒಂದು ಕೋಣೆಯ ದೀಪಗಳನ್ನು ಬೇಕೆಂದೇ ಮಂಕಾಗಿಸಿದ್ದಾರೆ. ಕೊಂಚ ಹೊತ್ತು ನಿಂತರೆ, ಗಾಜಿನಾಚೆ ಅದು ಮೆಲ್ಲಗೆ ಮೂಡುತ್ತದೆ: ತುಸುವೇ ಇಳಿಜಾರಾದ ಹಾಸಿನ ಮೇಲೆ ಮಲಗಿಸಿದ, ಮನೆಯಂಗಳದಷ್ಟು ದೊಡ್ಡ ಬಾವುಟ. ಕೆಂಪು ಮಾಸಿದೆ, ಬಿಳಿ ಕಂದಿದೆ, ತುದಿ ಹರಿದು ಚಿಂದಿಯಾಗಿದೆ. ಹದಿನೈದು ಪಟ್ಟಿ ಸರಿಯಾಗಿವೆ. ನಕ್ಷತ್ರ ಎಣಿಸಿದರೆ ಹದಿನಾಲ್ಕೇ.

ಆ ಒಂದು ನಕ್ಷತ್ರವನ್ನು ಕಿತ್ತದ್ದು ಗುಂಡಲ್ಲ, ಕತ್ತರಿ.

ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಗಾಗಿ 1813ರಲ್ಲಿ ಮೇರಿ ಪಿಕರ್ಸ್‌ಗಿಲ್ ಹೊಲಿದ ಬಾವುಟವಿದು. 42 ಅಡಿ ಉದ್ದ, 30 ಅಡಿ ಅಗಲ. ಬೆಲೆ 405 ಡಾಲರ್ 90 ಸೆಂಟ್. ಮನೆಯಲ್ಲಿ ಹರಡಲು ಜಾಗ ಸಾಲದೆ ಬಿಯರ್ ಭಟ್ಟಿಯೊಂದರ ನೆಲದ ಮೇಲೆ ಹಾಸಿ ಜೋಡಿಸಿದರು. ಉಣ್ಣೆ ಬಟ್ಟೆ ಬಂದದ್ದು ಆಗ ಅಮೆರಿಕದೊಡನೆ ಯುದ್ಧದಲ್ಲಿದ್ದ ಇಂಗ್ಲೆಂಡಿನಿಂದಲೇ. ಆ ಮನೆಯಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಗ್ರೇಸ್ ವಿಷರ್ ಎಂಬ ಹದಿಮೂರರ ಕಪ್ಪು ಹುಡುಗಿಯನ್ನೂ ಈಗ ಹೊಲಿದವರ ಸಾಲಿನಲ್ಲಿ ನೆನೆಯುತ್ತಾರೆ. ಬಾವುಟವನ್ನು ಕಂಡು ಹಾಡು ಕಟ್ಟಿದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಮಾತ್ರ ಗುಲಾಮರನ್ನು ಇಟ್ಟುಕೊಂಡಿದ್ದವನು. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಆ ಸಂಭ್ರಮದಲ್ಲಿ ಕೀಯ ಹೆಸರಿನ ಜೊತೆ ಗ್ರೇಸ್‌ಳ ಹೆಸರೂ ಕೇಳಬೇಕು.

1814ರ ಸೆಪ್ಟೆಂಬರ್ 13ರಂದು ಬ್ರಿಟಿಷ್ ಹಡಗುಗಳು ಕೋಟೆಯ ಮೇಲೆ ಶುರುಮಾಡಿದ ದಾಳಿ 25 ಗಂಟೆ ನಡೆಯಿತು. ರಾತ್ರಿಯಿಡೀ ಮಳೆ. ಕೋಟೆ ಬೀಳಲಿಲ್ಲ, ಬೆಳಗಾಗುತ್ತಲೇ ಈ ದೊಡ್ಡ ಬಾವುಟ ಏರಿತು. ದೂರದ ಹಡಗಿನಿಂದ ಅದನ್ನು ನೋಡಿದ ಕೀಯ ಸಾಲುಗಳು 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾದವು. ಧಾಟಿ ಲಂಡನ್ನಿನ ಒಂದು ಕ್ಲಬ್ಬಿನ ಹಾಡಿನದು.

ಆ ಗೀತೆಯಲ್ಲಿ ರಾಕೆಟ್ಟುಗಳ ಮಾತು ಬರುತ್ತದೆ. ಕನ್ನಡಿಗರು ಅಲ್ಲಿ ತಡೆದು ನಿಲ್ಲಲೇಬೇಕು. ಎರೆಬಸ್ ಎಂಬ ಹಡಗಿನಿಂದ ಹಾರಿದ ಅವು ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳು. ಕಾಂಗ್ರೀವ್‌ಗೆ ದಾರಿ ತೋರಿಸಿದ್ದು ಮೈಸೂರು. 1780ರ ಪೊಲ್ಲಿಲೂರು ಕಾಳಗದಲ್ಲಿ ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳ ಬಿಸಿ ಉಂಡಿದ್ದ ಇಂಗ್ಲಿಷರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಗುಟ್ಟೆಲ್ಲ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಕಾಗದ, ಬಿದಿರಿನ ಕೊಳವೆಗಳು ಸಿಡಿದುಹೋಗುವಷ್ಟು ಒತ್ತಡವನ್ನು ಅದು ತಡೆದುಕೊಳ್ಳುತ್ತಿತ್ತು. ಹಾಗಾಗಿ ರಾಕೆಟ್ಟು ದೂರ ಹಾರುತ್ತಿತ್ತು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಾಳು ಬಾವಿಯನ್ನು ಅಗೆದಾಗ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಆ ತುಕ್ಕು ಹಿಡಿದ ಗೇಣುದ್ದದ ಕೊಳವೆಗಳನ್ನು ನೋಡಿದವರಿಗೆ ಬಾಲ್ಟಿಮೋರಿನ ಆ ರಾತ್ರಿ ಅಷ್ಟೇನೂ ದೂರದ್ದಲ್ಲ.

ಇನ್ನು ಕತ್ತರಿಯ ಕಥೆ. ಕೋಟೆಯ ದಳಪತಿ ಜಾರ್ಜ್ ಆರ್ಮಿಸ್ಟೆಡ್‌ನ ಮನೆಯವರು ಬಾವುಟವನ್ನು ತಲೆಮಾರುಗಳ ಕಾಲ ಇಟ್ಟುಕೊಂಡಿದ್ದರು. ಯೋಧರು, ಗಣ್ಯರು, ಬೇಕಾದವರು ಬಂದು ಕೇಳಿದಾಗಲೆಲ್ಲ ಪ್ರಸಾದ ಹಂಚಿದ ಹಾಗೆ ಒಂದೊಂದು ತುಂಡು ಕತ್ತರಿಸಿ ಕೊಟ್ಟರು. ಗಾಳಿಗೆ ಸವೆದದ್ದೂ ಸೇರಿ ಉದ್ದದಲ್ಲಿ ಎಂಟು ಅಡಿ ಹೋಯಿತು. 1912ರಲ್ಲಿ ಮ್ಯೂಸಿಯಂಗೆ ದಾನವಾಗಿ ಸೇರಿದ ಮೇಲೆ, 1914ರಲ್ಲಿ ಅಮೀಲಿಯಾ ಫೌಲರ್ ಮತ್ತು ಸಂಗಡಿಗರು ನಾರುಬಟ್ಟೆಯ ಆಸರೆ ಕೊಟ್ಟು ಸುಮಾರು 17 ಲಕ್ಷ ಹೊಲಿಗೆ ಹಾಕಿದರು. 1998ರಲ್ಲಿ ಶುರುವಾದ ಸಂರಕ್ಷಣೆಯಲ್ಲಿ ಅಷ್ಟನ್ನೂ ಒಂದೊಂದಾಗಿ ಬಿಚ್ಚಿದರು.

ಗಣ್ಯರೊಬ್ಬರಿಗೆ ಕೊಟ್ಟದ್ದೆಂದು ಮನೆತನದವರು ಹೇಳಿದ ಆ ನಕ್ಷತ್ರ ಮಾತ್ರ ಇನ್ನೂ ಸಿಕ್ಕಿಲ್ಲ.