ವಂಶವೃಕ್ಷದಲ್ಲಿ ಡಿಎನ್‌ಎ ಸಾಕ್ಷ್ಯ

ಇಬ್ಬರ ಡಿಎನ್‌ಎಗಳಲ್ಲಿ ಹೊಂದುವ ಭಾಗವನ್ನು ಸೆಂಟಿಮಾರ್ಗನ್ ಎಂಬ ಮಾನದಿಂದ ಅಳೆಯುವರು. ತಾಯಿ-ಮಕ್ಕಳಲ್ಲಿ ಅದು ಸುಮಾರು 3,500. ಅಣ್ಣತಮ್ಮಂದಿರ ಮಕ್ಕಳಲ್ಲಿ ಸುಮಾರು 870. ಮುತ್ತಜ್ಜ-ಮರಿಮಕ್ಕಳಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಆದುದರಿಂದ ಅಂಕೆಯೊಂದೇ ನಂಟನ್ನು ನಿರ್ಣಯಿಸಲಾರದು.

2008ರಲ್ಲಿ ಆರಂಭವಾದ ವಿಕಿಟ್ರೀ ಎಂಬ ಸಾಮೂಹಿಕ ವಂಶವೃಕ್ಷದ ನಿಯಮ ಇಲ್ಲಿ ಗಮನಾರ್ಹ. ಸಮಾನ ಪೂರ್ವಜನು ಮುತ್ತಜ್ಜನ ತಂದೆಗಿಂತಲೂ ಹಿಂದಿನವನಾದರೆ ಇಬ್ಬರ ಹೊಂದಿಕೆ ಸಾಲದು. ಮೂವರು ಒಂದೇ ವರ್ಣತಂತುವಿನ ಒಂದೇ ಖಂಡದಲ್ಲಿ ಪರಸ್ಪರ ಹೊಂದಬೇಕು.

ದಕ್ಷಿಣದಲ್ಲಿ ಸೋದರಿಕೆಯ ಮದುವೆಗಳು ತಲೆತಲಾಂತರವಾಗಿ ನಡೆದ ಮನೆತನಗಳಲ್ಲಿ ಡಿಎನ್‌ಎ ಹಲವು ದಾರಿಗಳಿಂದ ಬಂದು ಅಂಕೆ ಹಿಗ್ಗುತ್ತದೆ. ದೂರದ ನಂಟನು ಹತ್ತಿರದವನಾಗಿ ತೋರುತ್ತಾನೆ. ಆದಕಾರಣ ಅಂಕೆ, ಖಂಡ, ಪೂರ್ವಜ, ಆಧಾರಪತ್ರ ಈ ನಾಲ್ಕನ್ನೂ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಒಂದೆಡೆ ನಮೂದಿಸಬೇಕು. ಇಲ್ಲದಿದ್ದರೆ ಒಬ್ಬನ ಊಹೆ ಹಲವರ ಚರಿತ್ರೆಯಾಗಿ ನಿಂತುಬಿಡುತ್ತದೆ.